ಮುರಿದ ಸೂಜಿಯ ಎರಡು ತುಂಡು

ಆ ಸೂಜಿ ನನ್ನದು, ದಾವಲಬಿ. ನಿನ್ನ ಕೂಸಿನ ತೊಡೆಗೆ ಹೊಕ್ಕ ಸೂಜಿಯ ತುದಿ ಮುರಿದದ್ದು ನನ್ನ ಕೈಯಲ್ಲಿ, ಅದನ್ನು ಗಾದಿಯೊಳಗೆ ಬಿಟ್ಟವನೂ ನಾನೇ. ನೀನಲ್ಲ. ನನಗೆ ಅದು ಗೊತ್ತಿತ್ತು — ಗೊತ್ತಿದ್ದೇ ನಿನ್ನ ಹೆಸರು ಹೇಳಿದೆ.

ಮೊದಲ ಸಾಲಿನಲ್ಲೇ ಇದನ್ನು ಯಾಕೆ ಬರೆದೆ ಎಂದರೆ, ನೀನು ಉದ್ದ ಕಾಗದ ಪೂರ್ತಿ ಓದುವವಳಲ್ಲ ತಂಗಿ. ಅರ್ಧ ಓದಿ, ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗಿ ಎದ್ದು ಹೋಗುತ್ತೀ. ಆಮೇಲೆ ಕಾಗದ ಎಲ್ಲೋ, ನೀನು ಎಲ್ಲೋ. ನಾನೂ ಹಾಗೆಯೇ. ನಾಲ್ಕು ದಿನದಿಂದ ಇದನ್ನೇ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ಹದಿನೈದು ನಿಮಿಷದ ಅಲಾರಂ ಇಟ್ಟು, ಅದು ಹೊಡೆಯುವ ತನಕ ಜಾಗ ಬಿಟ್ಟು ಏಳಬಾರದು ಎಂದು ಕೂತಿದ್ದೇನೆ. ನನ್ನ ಹೆಂಡತಿ ಹಸೀನಾ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಮಾತಿಲ್ಲ ಕತೆಯಿಲ್ಲ, ಸುಮ್ಮನೆ ಕೂತಿರುತ್ತಾಳೆ. ಯಾರಾದರೂ ಹಾಗೆ ಹತ್ತಿರ ಕೂತರೆ ನನ್ನ ಕೆಲಸ ಮುಗಿಯುತ್ತದೆ, ಇಲ್ಲವಾದರೆ ಇಲ್ಲ. ಏನು ಬರೆಯುತ್ತಿದ್ದೇನೆ ಎಂದು ಆಕೆಗೂ ನಿನ್ನೆಯಷ್ಟೇ ಹೇಳಿದೆ. ಕೇಳಿ, ಅವರೆಕಾಯಿಯ ಬುಟ್ಟಿ ಅಲ್ಲೇ ಇಟ್ಟು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಒಂಬತ್ತು ವರ್ಷದ ಹಿಂದೆ ನೀನು ಹೆರಿಗೆಗೆಂದು ಬೈಲಹೊಂಗಲಕ್ಕೆ, ತವರಿಗೆ ಬಂದಿದ್ದೆ. ಹುಟ್ಟಿದ ಕೂಸು ರೇಷ್ಮಾಳಿಗೆ ಐದು ತಿಂಗಳು ತುಂಬಿತ್ತು. ರಾಮದುರ್ಗದಿಂದ ನಿನ್ನನ್ನು ಕರೆದುಕೊಂಡು ಹೋಗಲು ಬರುವವರಿದ್ದರು. ನಾನು ಸೋದರಮಾವ, ಅದರಲ್ಲೂ ಗಾದಿ ಅಂಗಡಿಯವನು. ಬರಿಗೈಯಲ್ಲಿ ಕಳಿಸಿದರೆ ನಮ್ಮ ಮಾನ ಏನಾಗಬೇಕು? ಕೂಸಿಗೊಂದು ಸಣ್ಣ ಗಾದಿ ಹೊಲಿಯಲು ಕೂತೆ. ಒಳ್ಳೆಯ ಅರಳೆ, ಹೂವಿನ ಬಟ್ಟೆ. ನೀನು ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಸಣ್ಣ ಸೂಜಿಯಿಂದ ಅಂಚು ಹೊಲಿದುಕೊಟ್ಟೆ. ನಡುವಿನ ದಪ್ಪ ಟಾಕಿ ಹಾಕುವುದು ನನ್ನ ಕೆಲಸ — ಅರಳೆ ಜಾರಬಾರದೆಂದು ಮೇಲಿಂದ ಕೆಳಗೆ ಚುಚ್ಚಿ ಎಳೆಯುವುದು. ಅದಕ್ಕೆ ಉದ್ದ ಸೂಜಿ ಬೇಕು.

ಆ ಉದ್ದ ಸೂಜಿ ಚಟ್ಟೆಂದು ಮುರಿಯಿತು. ತುದಿ ಅರಳೆಯೊಳಗೆ ಹೋಯಿತು. ಹಿಂದಿನ ತುಂಡನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು, ಹೊಲಿಗೆ ಬಿಚ್ಚಿ ಹುಡುಕಬೇಕು ಎನ್ನುವಷ್ಟರಲ್ಲಿ ಯಾರೋ ಬಾಗಿಲಲ್ಲಿ ನಿಂತು ತಲೆದಿಂಬು ಕೇಳಿದರು. ಎದ್ದೆ. ತಲೆದಿಂಬು ತೋರಿಸುವಾಗ ಅಟ್ಟದ ಮೇಲಿನ ಬಟ್ಟೆಯ ಗಂಟು ಕಂಡಿತು, ಅದನ್ನು ಇಳಿಸಿದೆ. ಇಳಿಸಿದವನು ಚಹಾ ಕುಡಿದೆ. ತಿರುಗಿ ಬಂದು ಕೂತಾಗ — ಹೇಗೆ ಹೇಳಲಿ — ಆ ಮುರಿದ ತುದಿ ನನ್ನ ತಲೆಯಲ್ಲಿ ಇರಲೇ ಇಲ್ಲ. ಹೊಸ ಸೂಜಿ ತೆಗೆದುಕೊಂಡು ಉಳಿದ ಟಾಕಿ ಹಾಕಿ ಮುಗಿಸಿದೆ.

ಮರುದಿನ ನೀವು ಹೋದಿರಿ. ಮಧ್ಯಾಹ್ನ ಅಂಗಿ ಬಿಚ್ಚುವಾಗ ಕಾಲರಿನಲ್ಲಿದ್ದ ತುಂಡು ಕುತ್ತಿಗೆಗೆ ಚುಚ್ಚಿತು. ಗಾದಿಯೊಳಗೆ ಉಳಿದ ತುದಿ ಆಗ ನೆನಪಾಯಿತು. ಈಗಲೇ ಫೋನ್ ಮಾಡಬೇಕು ಎಂದು ಮೊಬೈಲ್ ತೆಗೆದೆ. ಅದರಲ್ಲಿ ಯಾರದೋ ಕರೆ ಬಂದಿತ್ತು, ಅವರಿಗೆ ಮಾಡಿದೆ. ಆಮೇಲೆ — ನಿನಗೆ ಮಾಡಲಿಲ್ಲ. ಮರೆತೆ. ಐದು ದಿನ ಮರೆತೇ ಇದ್ದೆ. ಬೇರೆ ಯಾರಿಗಾದರೂ ಹೇಳಿದರೆ ನಕ್ಕಾರು, ಇಂಥದ್ದನ್ನು ಯಾವನು ಮರೆಯುತ್ತಾನೆ ಎಂದಾರು. ನೀನೊಬ್ಬಳು ನಗುವುದಿಲ್ಲ.

ಐದನೆಯ ದಿನ ನಿನ್ನ ಗಂಡನ ಫೋನ್ ಬಂತು. ಕೂಸು ಒಂದೇ ಸಮನೆ ಅಳುತ್ತಿತ್ತಂತೆ, ಹೊಟ್ಟೆನೋವು ಎಂದು ಬಜೆ ತೇದು ನೆಕ್ಕಿಸಿದ್ದರಂತೆ, ತೊಡೆಯ ಮೇಲಿನ ಕೆಂಪು ಚುಕ್ಕೆಯನ್ನು ಇರುವೆ ಕಡಿದದ್ದು ಅಂದುಕೊಂಡಿದ್ದರಂತೆ. ತೊಡೆ ಬಾತು, ಎಕ್ಸ್‌ರೇ ತೆಗೆಸಿದಾಗ ಒಳಗೆ ಸೂಜಿಯ ತುದಿ ಕಂಡಿತ್ತು. ನಾನು ಹುಬ್ಬಳ್ಳಿಯ ಆಸ್ಪತ್ರೆಗೆ ಬಂದು ಮುಟ್ಟುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಕೀವು ತೊಡೆಯ ಕೀಲಿನ ತನಕ ಏರಿದೆ, ಆ ಕಾಲು ಮುಂದೆ ನೆಟ್ಟಗಾಗುವುದು ಕಷ್ಟ ಎಂದಿದ್ದರಂತೆ. ನರ್ಸ್ ಆ ತುದಿಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ಮೊದಲು ಕಂಡ ಗಂಡಸಿನ ಕೈಗೆ ಕೊಟ್ಟಳು. ಆ ಗಂಡಸು ನಾನಾಗಿದ್ದೆ. ನೀನು ಅದನ್ನು ನೋಡಲೇ ಇಲ್ಲ. ಒಮ್ಮೆ ನೋಡಿದ್ದರೂ ಸಾಕಿತ್ತು. ಅಷ್ಟು ದಪ್ಪ ಸೂಜಿ ನಿನ್ನದಲ್ಲ ಎಂದು ನಿನ್ನ ಬೆರಳಿಗೇ ಗೊತ್ತಾಗುತ್ತಿತ್ತು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ.

ಆಸ್ಪತ್ರೆಯ ವರಾಂಡದಲ್ಲಿ ನಿನ್ನ ಅತ್ತೆ ನನ್ನನ್ನು ಕೇಳಿದರು. "ಮೌಲಾಸಾಬ, ಆ ಗಾದಿ ಯಾರು ಹೊಲದದ್ದಪಾ?"

ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಬರೀ ಕೇಳಿದರು. ನನಗೆ ಮಾತ್ರ ಆ ಕ್ಷಣದಲ್ಲಿ ಕಂಡದ್ದು ನನ್ನ ಅಂಗಡಿ. ಮದುವೆಯ ಹಂಗಾಮು. ಮೌಲಾಸಾಬನ ಗಾದಿಯಲ್ಲಿ ಸೂಜಿ ಸಿಕ್ಕಿತಂತೆ ಎಂಬ ಮಾತು ಸವದತ್ತಿ, ಕಿತ್ತೂರು ಮುಟ್ಟಲು ಎಷ್ಟು ಹೊತ್ತು ಬೇಕು?

"ಅಂಚ ಎಲ್ಲಾ ದಾವಲಬಿನ ಹೊಲದಾಳ್ರಿ," ಅಂದೆ. "ಆಕಿಗೆ ಮೊದಲಿಂದ ಲಕ್ಷ್ಯ ಇರೂದಿಲ್ರಿ. ನಿಮಗೂ ಗೊತ್ತೈತಲ್ರಿ."

ನೀನು ಗೋಡೆಗೆ ಆತು ಕೂತಿದ್ದೆ. ತಲೆ ಎತ್ತಿ ನನ್ನ ಮುಖ ನೋಡಿದೆ. ನೀನು ಜಗಳ ತೆಗೆದಿದ್ದರೆ, ನಾನಲ್ಲ ಎಂದು ಒಂದು ಸಲ ಚೀರಿದ್ದರೆ, ನಾನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ — ಬೇಡ, ಇದು ಸುಳ್ಳು ಮಾತು, ಒಪ್ಪಿಕೊಳ್ಳುತ್ತಿರಲಿಲ್ಲ. ನೀನು ಅಂದದ್ದು ಇಷ್ಟೇ: "ಹೌದ್ರಿ ಅತ್ತಿ… ನಾನ ಮರ್ತಿರಬೇಕ್ರಿ."

ನೀನು ಹಾಗೆಯೇ ಅನ್ನುತ್ತೀ ಎಂದು ನನಗೆ ಗೊತ್ತಿತ್ತು. ನನ್ನ ಪಾಪದಲ್ಲಿ ದೊಡ್ಡದು ಇದೇ. ಸಣ್ಣವರಿದ್ದಾಗಿನಿಂದ ಹಾಲು ಉಕ್ಕಿದರೆ ದಾವಲಬಿ, ನಳದ ನೀರು ತುಂಬಿ ಹರಿದರೆ ದಾವಲಬಿ, ಆಡಿನ ಹಗ್ಗ ಬಿಚ್ಚಿಹೋದರೂ ದಾವಲಬಿ. ನಾನೂ ಅಷ್ಟೇ ಮರೆಯುತ್ತಿದ್ದೆ. ನನಗೆ ಅಪ್ಪ "ಇವಂದು ತಲಿ ಬಾಳ ಓಡತೈತಿ" ಅನ್ನುತ್ತಿದ್ದ. ನಿನಗೆ ಅದೇ ಕೈಯಿಂದ ಏಟು ಬೀಳುತ್ತಿತ್ತು. ಮಾಡದ ತಪ್ಪನ್ನೂ ನೀನು ಆಗಲೇ ಒಪ್ಪಿಕೊಳ್ಳುತ್ತಿದ್ದೆ. ಮಾಡಿದೆಯೋ ಇಲ್ಲವೋ ನಿನಗೇ ನೆನಪಿರುತ್ತಿರಲಿಲ್ಲ. ನಾನು ನಿನ್ನ ಆ ಗಾಯ ನೋಡಿಯೇ ಕೈ ಇಟ್ಟೆ.

ಅಲಾರಂ ಹೊಡೆಯಿತು. ಎದ್ದು, ನೀರು ಕುಡಿದು, ತಿರುಗಿ ಕೂತಿದ್ದೇನೆ. ಏಳುವಾಗ ಎಡಗೈಗೆ ಒಂದು ಬಟ್ಟೆಯ ಚೂರು ಕಟ್ಟಿಕೊಳ್ಳುತ್ತೇನೆ, ನಡುವೆ ಬಿಟ್ಟ ಕೆಲಸ ಮುಗಿಯುವ ತನಕ ಬಿಚ್ಚುವುದಿಲ್ಲ. ಅದು ಕಣ್ಣಿಗೆ ಬಿದ್ದಾಗ, ಅಯ್ಯ, ಏನೋ ಬಿಟ್ಟು ಬಂದಿದ್ದೇನಲ್ಲ ಎಂದು ಕಾಲು ತಾನೇ ತಿರುಗುತ್ತದೆ. ಅವತ್ತು ಇಂಥದೊಂದು ಚಿಂದಿ ನನ್ನ ಕೈಯಲ್ಲಿ ಇದ್ದಿದ್ದರೆ — ಇರಲಿ.

ಇದನ್ನು ನನಗೆ ಹೇಳಿಕೊಟ್ಟದ್ದು ಧಾರವಾಡದ ಡಾಕ್ಟರು. ಎರಡು ವರ್ಷದ ಹಿಂದೆ ಹಸೀನಾ ಬೆನ್ನು ಹತ್ತಿ ಕರೆದುಕೊಂಡು ಹೋಗಿದ್ದಳು. ಅವರು ಇದಕ್ಕೆ ಎಡಿಎಚ್‌ಡಿ ಎಂದರು, ಲಕ್ಷ್ಯ ಒಂದು ಕಡೆ ನಿಲ್ಲದ ತೊಂದರೆ, ದೊಡ್ಡವರಿಗೂ ಇರುತ್ತದೆ, ಇದು ಸೊಕ್ಕೂ ಅಲ್ಲ ಮೈಗಳ್ಳತನವೂ ಅಲ್ಲ ಎಂದರು. ಗುಳಿಗೆ ಕೊಟ್ಟರು. ದಿನಾ ಬೇಕಾಗುವ ಸಾಮಾನು ಟ್ರಂಕಿನೊಳಗೆ ಇಡಬೇಡಿ, ಕಣ್ಣೆದುರು ತೂಗುಹಾಕಿ ಎಂದರು. ಮಾಡುತ್ತೇನೆ ಎಂದು ತಲೆಯಲ್ಲಿ ಇಟ್ಟುಕೊಳ್ಳಬೇಡಿ, ಗೋಡೆಯ ಮೇಲೆ ಬರೆಯಿರಿ, ಇಲ್ಲವೇ ನಿಂತ ಕಾಲಿನಲ್ಲೇ ಮಾಡಿ ಮುಗಿಸಿ ಎಂದರು. ನಾನು ಹೂಂಗುಟ್ಟುತ್ತಾ ಕೂತಿದ್ದೆ, ಕಣ್ಣಲ್ಲಿ ನೀರು ಬಂದಿತ್ತು. ನಿನ್ನ ನೆನಪಾಗಿತ್ತು.

ಆಗ ಅವರು ಕೇಳಿದರು, "ಇದು ಮನಿತನದಾಗ ಬರತೈತ್ರಿ. ನಿಮ್ಮ ಅಣ್ಣತಮ್ಮರಿಗೆ, ಅಕ್ಕತಂಗೇರಿಗೆ ಯಾರಿಗರ ಹಿಂಗ ಐತೇನ್ರಿ?"

"ಇಲ್ರಿ ಸರ್," ಅಂದೆ.

ಇದು ನನ್ನ ಎರಡನೆಯ ಸುಳ್ಳು. ಹೌದು ಎಂದರೆ ನಿನ್ನನ್ನು ಅಲ್ಲಿಗೆ ಕರೆತರಬೇಕಾಗುತ್ತಿತ್ತು. ನೀನು ಅವರ ಮುಂದೆ ಸೂಜಿಯ ಕತೆ ಹೇಳುತ್ತಿದ್ದೆ. ಅವರು ಮುಖ ತಿರುಗಿಸಿ ನನ್ನನ್ನು ನೋಡುತ್ತಿದ್ದರು. ಅಷ್ಟಕ್ಕೆ ಹೆದರಿದೆ. ಎರಡು ವರ್ಷದಿಂದ ಒಂದೊಂದೇ ಉಪಾಯ ಕಲಿತು ನನ್ನ ಬಾಳು ನೆಟ್ಟಗೆ ಮಾಡಿಕೊಂಡೆ, ನಿನಗೆ ಒಂದನ್ನೂ ಹೇಳಲಿಲ್ಲ. ಮರೆತದ್ದಕ್ಕೆ ಡಾಕ್ಟರು ಒಂದು ಹೆಸರು ಕೊಟ್ಟರು. ಮುಚ್ಚಿಟ್ಟದ್ದಕ್ಕೆ ಅವರಲ್ಲಿ ಹೆಸರಿಲ್ಲ, ಅದು ನನ್ನ ಹಲ್ಕಟ್ ಬುದ್ಧಿ.

ಅಂಗಡಿಯ ಗೋಡೆಯ ಮೇಲೆ ಒಂದು ಹಲಗೆ ಇದೆಯಲ್ಲ, ಹನ್ನೆರಡು ಮೊಳೆ, ಮೊಳೆಗೊಂದು ಸೂಜಿ, ಪ್ರತಿ ಸೂಜಿಗೂ ಕೆಂಪು ದಾರದ ಬಾಲ. ಹನ್ನೆರಡೂ ಮೊಳೆ ತುಂಬದೆ ಒಂದು ದಿಂಬೂ ಅಂಗಡಿಯ ಹೊಸ್ತಿಲು ದಾಟುವುದಿಲ್ಲ. ನಿನ್ನ ಕೂಸಿನ ಆಪರೇಷನ್ ಆದ ವಾರದಲ್ಲಿ ನಾನೇ ಮಾಡಿದ್ದು. ಬಂದವರೆಲ್ಲ ಹೊಗಳುತ್ತಾರೆ. ನೀನೂ ಒಮ್ಮೆ ಈದ್‌ಗೆ ಬಂದಾಗ ಅದರ ಮುಂದೆ ನಿಂತು, "ಅಣ್ಣಗ ಎಷ್ಟ ಲಕ್ಷ್ಯ ನೋಡ," ಅಂದಿದ್ದೆ. ನಾನು ನಕ್ಕಿದ್ದೆ. ಹೇಗೆ ನಕ್ಕೆನೋ.

ಹೋದ ತಿಂಗಳು ರಾಮದುರ್ಗಕ್ಕೆ ಬಂದಿದ್ದೆನಲ್ಲ, ಹೇಳಬೇಕೆಂದೇ ಬಂದಿದ್ದೆ. ರೇಷ್ಮಾ ಸಾಲೆಗೆ ಹೊರಟಿದ್ದಳು. ಬಲಗಾಲು ಎಳೆಯುತ್ತಾ ಬಂದು ನಿನ್ನ ಮುಂದೆ ಬಾಚಣಿಗೆ, ಪಿನ್ನು ಹಿಡಿದು ನಿಂತಳು. ನೀನು ಎರಡೂ ಕೈ ಹಿಂದೆ ಕಟ್ಟಿಕೊಂಡೆ. "ಅಜ್ಜಿ ಕಡೆ ಹೋಗವಾ. ನನ್ನ ಕೈಯಾಗ ಪಿನ್ನ ಕೊಡಬ್ಯಾಡ, ನಾ ಎಲ್ಲೆರ ಬಿಡತೇನಿ." ಅವಳು ಹಟ ಮಾಡಲಿಲ್ಲ, ರೂಢಿಯಾದವಳ ಹಾಗೆ ಸುಮ್ಮನೆ ಒಳಗೆ ಹೋದಳು. ಒಂಬತ್ತು ವರ್ಷದಲ್ಲಿ ನೀನು ನಿನ್ನ ಮಗಳಿಗೆ ಒಂದು ಜಡೆಯನ್ನೂ ಹಾಕಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತು. ಇನ್ನೊಂದು ಕೂಸು ಬೇಡವೆಂದು ನೀನೇ ಗಂಡನ ಕಾಲು ಹಿಡಿದದ್ದೂ ನಿನ್ನ ಅತ್ತೆಯ ಬಾಯಿಂದ ಗೊತ್ತಾದದ್ದು ಅವತ್ತೇ.

ಹಿತ್ತಲಿಗೆ ಕರೆದು ಹೇಳಿದೆ, "ದಾವಲಬಿ, ಆ ಸೂಜಿ ನಂದವಾ. ನಾ ಸುಳ್ಳ ಹೇಳಿದ್ದೆ."

ನೀನು ನಕ್ಕೆ. "ಸುಮ್ನಿರಣ್ಣ. ನನ್ನ ಸಮಾಧಾನ ಮಾಡಾಕ ಇಲ್ಲದ್ದೆಲ್ಲಾ ಹೇಳಬ್ಯಾಡ. ನನಗ ಚಂದಂಗ ನೆನಪೈತಿ. ಅಂಚ ಹೊಲ್ಯಾಕ ಹತ್ತಿದ್ದೆ, ಕೂಸು ಅತ್ತು, ಸೂಜಿ ಅಲ್ಲೇ ಚುಚ್ಚಿಟ್ಟು ಎದ್ದೆ. ಕೆಂಪ ದಾರ ಇತ್ತು ಅದಕ್ಕ."

ಕೆಂಪು ದಾರ! ಆ ಗಾದಿಗೆ ಹೊಲಿದದ್ದೆಲ್ಲ ಬಿಳಿ ದಾರ, ತಂಗಿ. ಕೆಂಪು ದಾರ ನೀನು ನೋಡಿದ್ದು ನನ್ನ ಹಲಗೆಯ ಮೇಲೆ. ಏನನ್ನೂ ನೆನಪಿಡಲಾರದವಳು ಎಂದು ನಾವೆಲ್ಲ ಅಂದ ನೀನು, ಮಾಡದ ಒಂದು ಕೆಲಸವನ್ನು ಒಂಬತ್ತು ವರ್ಷ ನೆನಪಿಟ್ಟುಕೊಂಡಿದ್ದೀ. ನೀನು ಕೊಟ್ಟ ಚಹಾ ಕುಡಿದು ಬಸ್ ಹತ್ತಿದೆ.

ಶುಕ್ರವಾರ ಬರುತ್ತಿದ್ದೇನೆ. ಮೊಬೈಲಿನಲ್ಲಿ ಮೂರು ಅಲಾರಂ ಇಟ್ಟಿದ್ದೇನೆ, ಬಾಗಿಲ ಚಿಲಕಕ್ಕೆ ಚಿಂದಿ ಕಟ್ಟಿದ್ದೇನೆ, ಹಸೀನಾ ಜೊತೆಗೆ ಬರುತ್ತಾಳೆ — ನಾಳೆ, ನಾಡಿದ್ದು ಎಂದು ಒಂಬತ್ತು ವರ್ಷ ತಳ್ಳಿದವನನ್ನು ನಾನೇ ನಂಬುವುದಿಲ್ಲ. ನಿನ್ನ ಅತ್ತೆಯ ಮುಂದೆ, ಗಂಡನ ಮುಂದೆ, ರೇಷ್ಮಾಳ ಮುಂದೆ ಹೇಳುತ್ತೇನೆ. ಅಂಗಡಿಗೆ ಆಗುವುದು ಆಗಲಿ. ಧಾರವಾಡದ ಡಾಕ್ಟರ ಚೀಟಿಯನ್ನೂ ತರುತ್ತೇನೆ, ನನ್ನ ಜೊತೆ ಅಲ್ಲಿಗೆ ಬರುವುದು ಬಿಡುವುದು ನಿನ್ನ ಇಷ್ಟ. ಮಗುವಿನ ಕಾಲನ್ನು ನಾನು ತಿರುಗಿ ಕೊಡಲಾರೆ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ಅದು ನನಗೆ ಗೊತ್ತು.

ಒಂದು ಸುಣ್ಣದ ಡಬ್ಬಿ ತರುತ್ತೇನೆ. ಈ ಒಂಬತ್ತು ವರ್ಷದಲ್ಲಿ ಮೂರು ಮೊಬೈಲು ಕಳೆದಿದ್ದೇನೆ, ಅಂಗಡಿಯ ಬೀಗದ ಕೈ ಎಷ್ಟು ಸಲ ಕಳೆದೆನೋ ಲೆಕ್ಕವಿಲ್ಲ, ಆ ಡಬ್ಬಿ ಒಂದು ದಿನವೂ ಎಲ್ಲಿಟ್ಟೆ ಎಂದು ಹುಡುಕಿಲ್ಲ. ಅದರೊಳಗೆ ಕಾಲರಿಗೆ ಚುಚ್ಚಿಕೊಂಡಿದ್ದ ತುಂಡು ಇದೆ, ನರ್ಸ್ ಕೊಟ್ಟ ತುದಿ ಇದೆ. ಎರಡನ್ನೂ ನಿನ್ನ ಅಂಗೈಯಲ್ಲಿ ಇಡುತ್ತೇನೆ. ಹೆದರಬೇಡ, ಮುಟ್ಟು. ಕೂಡಿಸಿ ನೋಡು, ಕೂಡುತ್ತವೆ. ನೋಡಿದ ಮೇಲೆ ನನ್ನನ್ನು ಏನು ಬೇಕಾದರೂ ಅನ್ನು, ಮನೆಯಿಂದ ಹೊರಗೆ ಹಾಕು. "ನನಗ ನೆನಪೈತಿ" ಅಂತ ಮಾತ್ರ ಇನ್ನೊಮ್ಮೆ ಅನ್ನಬ್ಯಾಡವಾ.