ತಂಗಿ ಕೊಟ್ಟ ಮೇಣದಬತ್ತಿ

ಜಮಖಂಡಿಯಲ್ಲಿ ಮುಧೋಳದ ಬಸ್ ಹತ್ತುವ ಮುನ್ನ ತಂಗಿ, ಗಾಜಿನ ಭರಣಿಯಲ್ಲಿದ್ದ ಮೇಣದಬತ್ತಿಯೊಂದನ್ನು ನನ್ನ ಕೈಗಿಟ್ಟು ನಗುತ್ತ ಹೋದಳು. ವಾರದೊಳಗೆ ಜ್ವರ ಬಂದು ತೀರಿಕೊಂಡಳು.

ದಿನಾ ಸಂಜೆ ಅವಳ ಫೋಟೋದ ಮುಂದೆ ಅದನ್ನು ಹಚ್ಚುತ್ತಿದ್ದೆ. ಬೇಗ ಮುಗಿದುಹೋದೀತೆಂದು ಐದೇ ನಿಮಿಷಕ್ಕೆ, ದೇವರ ದೀಪದಂತೆ ಹೂವಿನ ಎಸಳಿನಿಂದ ಶಾಂತ ಮಾಡುತ್ತಿದ್ದೆ. ನಡುವೆ ಕುಳಿ ಬಿದ್ದು, ಅದರಲ್ಲಿ ಎಸಳು ತುಂಬಿ, ಒಂದು ದಿನ ಬತ್ತಿ ಹತ್ತಲೇ ಇಲ್ಲ. ಅತ್ತುಬಿಟ್ಟೆ.

ಮಾತನಾಡಿಸಲು ಬಂದ ಅವಳ ಗೆಳತಿ ನೋಡಿ, "ಉಳಸಾಕ ಹೋಗಿ ಅದರ ಉಸಿರ ಕಟ್ಟಿಸೀರಲ್ಲರಿ ಅಕ್ಕಾರ! ಮ್ಯಾಲಿನ ಮೇಣ ಅಂಚಿನ ತನಕಾ ಕರಗಲಿ, ಆಮ್ಯಾಲ ಮುಚ್ಚಳ ಮುಚ್ಚಿ ಆರಸರಿ" ಎಂದಳು. ಎಸಳು ತೆಗೆದು, ಸುತ್ತಲಿನ ಮೇಣ ಕೆರೆದು, ಬತ್ತಿಯ ಕರಿ ತುದಿ ಕತ್ತರಿಸಿ ಹಚ್ಚಿದಳು. ಮೇಣ ಅಂಚಿನವರೆಗೆ ಕರಗುವ ತನಕ ಎರಡು ತಾಸು ಕುಳಿತು, ತಂಗಿಯ ತುಂಟತನ ನೆನೆದು ನಕ್ಕೆವು.

ಈಗ ಬತ್ತಿ ಸಮನಾಗಿ ಉರಿಯುತ್ತದೆ, ನನಗೂ ಸಮಾಧಾನ. "ಉಂಡೇನ ಬೇ ಯಕ್ಕಾ" ಎಂದು ಕೇಳುವವಳು ಮಾತ್ರ ಇಲ್ಲ.