ಯಾರೂ ಬರೆಯದ ಆಜ್ಞೆ

ಸನಮಡಿ ಊರಿನ ವಿದ್ಯುತ್ ಗಾಳಿಯಂತ್ರಕ್ಕೆ ಹೊಸ ಚಿಪ್ ಕೂರಿಸಿ ಪರೀಕ್ಷೆಗೆ ನಿಂತಿದ್ದೆ. ವೇಗ ಅಳೆದು ಬ್ರೇಕ್ ಹಾಕುವ ಹಲವು ಹೆಜ್ಜೆಗಳನ್ನು ಒಂದೇ ಆಜ್ಞೆಯಾಗಿ ಹೆಣೆದು ಆ ಚಿಪ್‌ಗೆ ಸೇರಿಸಿದ್ದು ನಮ್ಮ ತಂತ್ರಾಂಶ, ಮನುಷ್ಯರಲ್ಲ. ಲ್ಯಾಬಿನಲ್ಲಿ ಅದು ಎಂದೂ ತಪ್ಪಿರಲಿಲ್ಲ.

ಗಾಳಿ ಎದ್ದಿತು. ವೇಗ ಮಿತಿ ದಾಟಿತು, ಬ್ರೇಕ್ ಬೀಳಲಿಲ್ಲ.

"ಮೇಡಂ, ಓಡೂಣೇನ್ರಿ?" ಅಂದರು ಕಾವಲಿನ ಮೆಹಬೂಬಸಾಬರು.

ಅಷ್ಟರಲ್ಲಿ ಕಂಬ ನರಳಿತು, ರೆಕ್ಕೆಗಳು ಮೆಲ್ಲಗೆ ನಿಂತವು. ಒಮ್ಮೆಲೇ ಬ್ರೇಕ್ ಹಿಡಿದರೆ ರೆಕ್ಕೆ ಮುರಿದಾವೆಂದು ಚಿಪ್ ತಾನೇ ತಡಮಾಡಿತ್ತೋ ಏನೋ, ನನಗೆ ಇಂದಿಗೂ ಗೊತ್ತಿಲ್ಲ.

"ಇದಕ್ಕ ನಿಲ್ಲೂ ಆಜ್ಞೆ ಯಾರು ಬರದಾರ್ರಿ?" ಸಾಬರು ಬೆವರು ಒರೆಸಿಕೊಂಡರು.

"ಕಂಪ್ಯೂಟರ್ ತಾನ ಬರದದ್ರಿ."

"ಹಂಗಾದ್ರ, ನಿಲ್ಲದಿದ್ರ ಬೈಯೂದು ಯಾರಿಗ್ರಿ?"

ನನ್ನ ಫೋನ್ ನಂಬರ್ ಕೊಟ್ಟು ಬಂದೆ. ಈಗ ಗಾಳಿ ಬೀಸಿದಾಗೆಲ್ಲ ಫೋನ್ ನೋಡುತ್ತೇನೆ.