ಬಾಚಣಿಗೆ ಅಕ್ಕನ ಬರಿಗೈ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಪುಟ್ಟದೊಂದು ಪಾರ್ಲರ್ ನಡೆಸುತ್ತಿದ್ದ ಅವಳು ಎಲ್ಲರಿಗೂ ಬಾಚಣಿಗೆ ಅಕ್ಕ. ಸದಾ ಒಂದು ಬಾಚಣಿಗೆ ಅವಳ ತುರುಬಿನಲ್ಲೇ ಸಿಕ್ಕಿಕೊಂಡಿರುತ್ತಿತ್ತು. ಅದನ್ನೇ ಮೇಜಿನ ಮೇಲೆಲ್ಲ ತಡಕಾಡುವುದೂ ಇತ್ತು. ಬಾಯಿ ಸ್ವಲ್ಪ ಜೋರು. "ಯಾವ ಮಹಾನುಭಾವರು ಕತ್ತರಿಸಿದ್ದು ಇದನ್ನ? ಇಲಿ ಕಚ್ಚಿದ ಹಾಗಿದೆ" ಎಂದು ಗಿರಾಕಿಯ ಮುಖಕ್ಕೇ ಹೇಳಿಬಿಡುವಳು. ಬೈಸಿಕೊಂಡವರು ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು. ಆ ಕೈಗಳ ಗುಣವೇ ಹಾಗಿತ್ತು. ಕೂದಲಿಗೆ ಬಣ್ಣ ಹಚ್ಚುವಾಗಲೂ ಬರಿಗೈ, ತಲೆ ತೊಳೆಯುವಾಗಲೂ ಬರಿಗೈ. "ಗವಸು ಹಾಕ್ಕೊಂಡ್ರೆ ತಲೆ ಯಾವುದು, ಕಲ್ಲಂಗಡಿ ಯಾವುದು ಗೊತ್ತಾಗಲ್ಲ" ಎನ್ನುತ್ತಿದ್ದಳು.

ವಾರದ ರಜೆ ಮಾತ್ರ ಒಂದೇ ತಲೆಗೆ ಮೀಸಲು. ಅದು ಅಮ್ಮನದು. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲೇ ಇದ್ದಳು, ಅಮ್ಮನೂ ಅಲ್ಲೇ. ಹಿಂದಿನ ಕೋಣೆಯ ಕಿಟಕಿಯ ಪಕ್ಕ ಅಮ್ಮನನ್ನು ಕೂರಿಸಿ, ಸೊಂಟ ಮುಟ್ಟುವ ಬಿಳಿ ಕೂದಲಿನ ತೊಡಕು ಬಿಡಿಸಿ ಜಡೆ ಹಾಕುವುದರಲ್ಲಿ ಬೆಳಗೇ ಕಳೆದುಹೋಗುತ್ತಿತ್ತು. ಕೆಲಸಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ತಾಯಿ ಮಗಳು ಇಬ್ಬರೂ ಬೇಕೆಂದೇ ಎಳೆಯುತ್ತಿದ್ದರು. "ರೂಪ ಹೋಯ್ತು, ಹಲ್ಲು ಹೋಯ್ತು, ಇದೊಂದು ಉಳೀತಲ್ಲ" ಎಂದು ಅಮ್ಮ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ನೋಡುತ್ತಿದ್ದಳು.

ಅಕ್ಕನ ಕೈಗೆ ಬಂದದ್ದು ಮೊದಲು ಬರೀ ನವೆ. ಆಮೇಲೆ ಬೆರಳ ಸಂದಿಯಲ್ಲಿ ನೀರುಗುಳ್ಳೆ, ಅದು ಒಡೆದು ಸಿಪ್ಪೆ, ಸಿಪ್ಪೆ ಎದ್ದಲ್ಲಿ ಬಿರುಕು, ಬಿರುಕಿನಲ್ಲಿ ರಕ್ತ. ನಮ್ಮ ಜನವೋ, ಇನ್ನೊಬ್ಬರ ಚರ್ಮದ ಮೇಲೆ ಒಂದು ಗುಳ್ಳೆ ಕಂಡರೆ ಸುಮ್ಮನಿರುವ ಪೈಕಿಯಲ್ಲ. ಒಬ್ಬಳು ನಿಂಬೆರಸ ಉಜ್ಜು ಎಂದಳು, ಇನ್ನೊಬ್ಬಳು ಉಪ್ಪುನೀರು ಎಂದಳು, ಕೆಳಗಿನ ಔಷಧಿ ಅಂಗಡಿಯವನು ಕೈ ನೋಡದೆಯೇ ಯಾವುದೋ ಟ್ಯೂಬು ಕೊಟ್ಟ. ಅವಳು ಎಲ್ಲರ ಮಾತನ್ನೂ ಕೇಳಿದಳು, ಉರಿ ಮಾತ್ರ ಹೆಚ್ಚಿತು. ಕೊನೆಗೆ ಗಿರಾಕಿಗಳ ಕಣ್ಣು ತಪ್ಪಿಸಲು ಗವಸು ಹಾಕಲೇಬೇಕಾಯಿತು. ರಬ್ಬರ್ ಗವಸಿನೊಳಗೆ ಬೆವತು, ಸಂಜೆ ಕಳಚಿದರೆ ಕೈ ಬೆಂದ ಹಾಗಿರುತ್ತಿತ್ತು.

ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಮೈ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಬೆನ್ನಿನಲ್ಲಿ ಒಂದು ಹುಣ್ಣು ಮಾಯದೆ ಕೂತಿತ್ತು. ಅತ್ತಿಗೆ ಒಂದು ದಿನ ಅಡುಗೆಮನೆಯಲ್ಲಿ, ಪಾತ್ರೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು.

"ತಪ್ಪು ತಿಳ್ಕೋಬೇಡ ಕಣೇ. ಅದೇನಾದ್ರೂ ಅಂಟೋ ಕಾಯಿಲೆ ಆಗಿದ್ರೆ? ಅತ್ತೆ ಮೈ ಮೊದಲೇ ಹೀಗಿದೆ."

ಅತ್ತಿಗೆ ಕೆಟ್ಟವಳಲ್ಲ. ಅಮ್ಮನ ಹುಣ್ಣು ತೊಳೆದು, ಮಗ್ಗುಲು ಬದಲಿಸಿ, ಮೂಗು ಮುರಿಯದೆ ಎಲ್ಲವನ್ನೂ ಮಾಡುತ್ತಿದ್ದವಳು ಅವಳೇ. ಆ ಮಾತಿನಲ್ಲಿ ವಿಷವಿರಲಿಲ್ಲ. ಅದಕ್ಕೇ ಅದು ಅಕ್ಕನ ಎದೆಗೆ ನೇರ ಇಳಿಯಿತು. ಅಂದಿನಿಂದ ಅವಳು ಅಮ್ಮನ ಕೋಣೆಯ ಹೊಸ್ತಿಲು ದಾಟಲಿಲ್ಲ. ಹೊರಗೊಂದು ಸ್ಟೂಲು ಹಾಕಿಕೊಂಡು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದಳು.

"ಇವತ್ತು ರಜಾ ಅಲ್ವೇನೇ? ಬಾಚಲ್ವಾ?" ಎಂದು ಅಮ್ಮ ಕೇಳುವಳು.

"ಕೈ ವಾಸಿಯಾಗ್ಲಿ ಅಮ್ಮಾ."

"ಅಂಟಿದ್ರೆ ಅಂಟ್ಲಿ ಬಿಡೇ. ಈ ವಯಸ್ಸಲ್ಲಿ ನನ್ನ ಚರ್ಮ ಯಾರು ನೋಡ್ಬೇಕು? ಬಾ, ಒಂದು ಸಲ ತಲೆ ಮೇಲೆ ಕೈಯಾಡಿಸು ಸಾಕು."

ಅವಳು ಜಗ್ಗಲಿಲ್ಲ. ಎಲ್ಲಾದರೂ ಹರಿದುಬಿಟ್ಟರೆ ಎಂಬ ಭಯಕ್ಕೆ ಗವಸು ಹಾಕಿಕೊಂಡೂ ಮುಟ್ಟಲಿಲ್ಲ. ಪ್ರೀತಿಗೆ ಇಷ್ಟೊಂದು ಹಟ ಯಾಕೆ ಬೇಕಿತ್ತೋ ದೇವರೇ ಬಲ್ಲ.

ಮಲಗಿದಲ್ಲೇ ಮಲಗಿ ಅಮ್ಮನ ಕೂದಲು ಜಟೆಗಟ್ಟಿತು. ಅತ್ತಿಗೆಗೆ ಬಿಡಿಸಲು ಬರಲಿಲ್ಲ, ಎಳೆದರೆ ಅಮ್ಮ ನರಳುತ್ತಿದ್ದಳು. ಕೊನೆಗೊಂದು ದಿನ ಅತ್ತಿಗೆ ಅಡುಗೆಮನೆಯ ಕತ್ತರಿ ತಂದಳು. ಊರವರ ತಲೆಯನ್ನೆಲ್ಲ ತಿದ್ದಿ ತೀಡಿದವಳು ಹೊಸ್ತಿಲಾಚೆ ನಿಂತು, "ಕತ್ತರಿ ಓರೆ ಹಿಡೀರಿ ಅತ್ತಿಗೆ... ಕಿವಿ ಜೋಪಾನ..." ಎನ್ನುತ್ತಿದ್ದಳು. ಬಿಳಿ ಕೂದಲು ಗಂಟುಗಂಟಾಗಿ ಹಳೆ ಪೇಪರಿನ ಮೇಲೆ ಬಿತ್ತು. ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದ ಅಮ್ಮ, ಎಲ್ಲ ಮುಗಿದ ಮೇಲೆ ಬೋಳು ಕತ್ತನ್ನು ತಡವಿಕೊಂಡು ಬಾಗಿಲ ಕಡೆ ತಿರುಗಿದಳು.

"ಯಾವ ಮಹಾನುಭಾವರು ಕತ್ತರಿಸಿದ್ದು ಇದನ್ನ? ಇಲಿ ಕಚ್ಚಿದ ಹಾಗಿದೆಯಾ?"

ಅತ್ತಿಗೆ ನಕ್ಕಳು. ಮಗಳೂ ನಕ್ಕಳು, ನಕ್ಕು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಚರ್ಮದ ಡಾಕ್ಟರ ಬಳಿ ಹೋಗಲು ಅವಳಿಗೆ ಭಯ. ಅಲ್ಲಿ ಗಿರಾಕಿಯೊಬ್ಬಳ ಕಣ್ಣಿಗೆ ಬಿದ್ದರೆ ಪಾರ್ಲರಿನ ಕಥೆ ಮುಗಿದಂತೆಯೇ. ಆಗಲೇ ಗೊತ್ತಾದದ್ದು, ಫೋನಿನಲ್ಲಿ ಫೋಟೋ ಕಳಿಸಿದರೆ ಡಾಕ್ಟರು ನೋಡಿ ಔಷಧಿ ಬರೆಯುತ್ತಾರೆಂದು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಬಾಗಿಲಿಗೆ ಚಿಲಕ ಹಾಕಿದಳು. ಈಗ ನೋಡಿ, ಹುಟ್ಟುಗುಣ ಅಂದರೆ ಏನು ಅಂತ. ಫೋಟೋ ತೆಗೆಯುವುದೆಂದರೆ ಅವಳ ಕಸುಬಿನಲ್ಲಿ ಒಂದೇ ಅರ್ಥ, ಚೆನ್ನಾಗಿ ಕಾಣಬೇಕು. ಸಿಪ್ಪೆ ಎದ್ದದ್ದನ್ನು ಒರೆಸಿದಳು, ಕ್ರೀಮು ಸವರಿದಳು, ಕನ್ನಡಿಯ ಸುತ್ತಲಿನ ದೀಪಗಳನ್ನೆಲ್ಲ ಹಾಕಿದಳು, ಒಗೆದ ಟವೆಲ್ಲಿನ ಮೇಲೆ ಕೈಯಿಟ್ಟಳು. ಆ ಫೋನೋ ಪಾರ್ಲರಿನದು. ಅಲಂಕಾರ ಮಾಡಿಸಿಕೊಂಡವರ ಫೋಟೋ ತೆಗೆಯಲು ಅವಳೇ ಅದಕ್ಕೊಂದು ಫಿಲ್ಟರ್ ಹಾಕಿಟ್ಟಿದ್ದಳು. ಚರ್ಮ ಕಂಡಲ್ಲೆಲ್ಲ ಕಲೆ ಮಾಯ, ಸುಕ್ಕು ಮಾಯ. ಅದು ಕೈಯನ್ನೂ ಬಿಡುವುದಿಲ್ಲ ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಉತ್ತರ ಬಂತು. ಸ್ವಲ್ಪ ಒಣಚರ್ಮ, ಅಷ್ಟೆ, ಮಾಯಿಶ್ಚರೈಸರ್ ಹಚ್ಚಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಇವಳ ಅಂಗೈ ಹುಣ್ಣಿಗೆ ಕನ್ನಡಿಯ ದೀಪಗಳೇ ಅಡ್ಡ ಬಂದವು. ರಕ್ತ ಜಿನುಗುವ ಬೆರಳಿನಲ್ಲೇ ಅದನ್ನು ಓದಿದ ಅವಳು, ಡಾಕ್ಟರಿಗೇ ತಿಳಿಯದ ಕಾಯಿಲೆಯೆಂದರೆ ಇನ್ನೆಂಥ ಪೀಡೆಯೋ ಎಂದು ಹೆದರಿದಳು. ಅಂಟುತ್ತದೆಯೇ ಎಂದು ಕೇಳಲೂ ಇಲ್ಲ. ಹೌದು ಎಂದುಬಿಟ್ಟರೆ ಆ ಮನೆಯಲ್ಲಿ ಇರುವುದಾದರೂ ಹೇಗೆ? ಅವತ್ತಿನಿಂದ ಸ್ಟೂಲು ಹೊಸ್ತಿಲಿನಿಂದ ಇನ್ನೂ ಹಿಂದಕ್ಕೆ ಸರಿಯಿತು.

ಅಮ್ಮ ಹೋದದ್ದು ಒಂದು ಮಧ್ಯಾಹ್ನ. ಯಾರದೋ ತಲೆಯ ಬಣ್ಣ ತೊಳೆಯುತ್ತಿದ್ದವಳು ಅಣ್ಣನ ಫೋನು ಬಂದೊಡನೆ ಇದ್ದ ಹಾಗೆಯೇ ಚೀಲ ಹಿಡಿದು ಓಡಿ ಬಂದಳು. ಅತ್ತಿಗೆ ಅಮ್ಮನ ಮೈ ಒರೆಸಿ ಬೇರೆ ಸೀರೆ ಉಡಿಸಿದ್ದಳು. "ತಲೆ ಮಾತ್ರ ನೀನೇ ಬಾಚು" ಎಂದು ಪಕ್ಕಕ್ಕೆ ಸರಿದು ನಿಂತಳು. ಅಕ್ಕ ಹೊಸ್ತಿಲು ದಾಟಿ, ಚೀಲದಿಂದ ಹೊಸ ಗವಸಿನ ಜೋಡಿ ತೆಗೆದು ಹಾಕಿಕೊಂಡು, ಆ ಮೋಟುಗೂದಲನ್ನು ಬಾಚಿದಳು. ಬಾಚಲು ಏನೂ ಇರಲಿಲ್ಲ. ಕೆಲಸ ಬೇಗ ಮುಗಿದುಹೋಯಿತು.

ಆಮೇಲೆ ಕೈ ಇನ್ನೂ ಕೆಟ್ಟಿತು. ಕತ್ತರಿ ಹಿಡಿಯಲೂ ಆಗದಿದ್ದಾಗ ಮತ್ತೆ ಅದೇ ಡಾಕ್ಟರನ್ನು ಕೇಳಿದಳು, ಈ ಸಲ ಫಿಲ್ಟರ್ ಇಲ್ಲದ ವಿಡಿಯೋ ಕಾಲಿನಲ್ಲಿ. ಡಾಕ್ಟರು ನಡುವಯಸ್ಸಿನ ಹೆಂಗಸು, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಫೋನಿನಲ್ಲಿ ಕಂಡ ಕೈಯನ್ನೂ ಹಳೆಯ ಫೋಟೋವನ್ನೂ ನೋಡಿ ಹುಬ್ಬೇರಿಸಿದರು.

"ಇದೇನಮ್ಮಾ, ಆ ಫೋಟೋದಲ್ಲಿ ಅಂಗೈ ಗೆರೆನೇ ಇಲ್ಲ! ಗೊಂಬೆ ಕೈ ತೋರಿಸಿ ನನ್ನ ಹತ್ರ ಔಷಧಿ ಬರೆಸ್ಕೊಂಡ್ರಾ? ನಾನಾದ್ರೂ ಅವತ್ತೇ ಕೇಳ್ಬೇಕಿತ್ತು."

ಕಿಟಕಿಯ ಬೆಳಕಿಗೆ ಕೈ ಹಿಡಿಯಿರಿ, ತಿರುಗಿಸಿ, ಬೆರಳು ಅಗಲಿಸಿ ಎಂದರು. ಏನೇನು ಮುಟ್ಟುತ್ತೀರಿ, ಯಾವ ಗವಸು, ರಜೆಯಲ್ಲಿ ಕಡಿಮೆಯಾಗುತ್ತದೆಯೇ ಎಂದೆಲ್ಲ ಕೇಳಿದರು. ಆಮೇಲೆ ಹೇಳಿದರು.

"ಇದು ಎಕ್ಸಿಮಾ. ನಿಮ್ಮ ಕೆಲಸದವರಿಗೆ ಬರೋದೇ. ಆ ಬಣ್ಣ, ಶಾಂಪೂ, ದಿನವಿಡೀ ನೀರು. ರಬ್ಬರ್ ಗವಸೂ ನಿಮಗೆ ಒಗ್ತಿಲ್ಲ ಅನ್ಸುತ್ತೆ, ಅದನ್ನ ಒಮ್ಮೆ ನೇರವಾಗಿ ಪರೀಕ್ಷೆ ಮಾಡಿಸೋಣ. ಮುಲಾಮು ಬರೀತೀನಿ. ಹೇಳಿದಷ್ಟು ದಿನ ಹಚ್ಚಿ, ಹೆಚ್ಚೂ ಬೇಡ, ಕಡಿಮೆನೂ ಬೇಡ."

"ಅಂಟುತ್ತಾ ಡಾಕ್ಟ್ರೇ?"

"ಎಲ್ಲಾದ್ರೂ ಉಂಟಾ! ಎಕ್ಸಿಮಾ ಯಾರಿಗೂ ಅಂಟಲ್ಲ. ನಿಮ್ಮ ಕೈಯಲ್ಲಿ ಕೀವೂ ಇಲ್ಲ. ಯಾರನ್ನ ಬೇಕಾದ್ರೂ ಮುಟ್ಟಿ."

"ಹಾಸಿಗೆ ಹಿಡಿದ ವಯಸ್ಸಾದವರನ್ನೂ?"

"ಅವರನ್ನೂ. ಯಾಕೆ, ಮನೇಲಿದ್ದಾರಾ?"

"ಇದ್ರು" ಎಂದಳು ಅಕ್ಕ.

ಅವಳಿಗೆ ಕಾಣುತ್ತಿದ್ದದ್ದು ಆ ಮಧ್ಯಾಹ್ನ ಚೀಲದಿಂದ ತೆಗೆದ ಗವಸಿನ ಜೋಡಿ. ಕಾಯಿಲೆ ಅಂಟುವಂಥದ್ದೇ ಆಗಿದ್ದರೂ, ಸತ್ತವರಿಗೆ ಏನು ಅಂಟೀತು? ಅಷ್ಟಾದರೂ ಅವತ್ತು ತಲೆಗೆ ಹೊಳೆಯಬಾರದಿತ್ತೇ? ಡಾಕ್ಟರು "ಹಲೋ, ಕೇಳಿಸ್ತಿದೆಯಾ?" ಎನ್ನುತ್ತಲೇ ಇದ್ದರು.

ಸಂಜೆ ಅತ್ತಿಗೆ ಕೇಳಿದಳು. "ಏನಂತೆ ಅದು? ಅಂಟೋದೇನಾ?"

ಅಕ್ಕ ಅತ್ತಿಗೆಯ ಮುಖ ನೋಡಿದಳು. ಅಮ್ಮನ ಹುಣ್ಣು ತೊಳೆದ ಹೆಂಗಸು ಅದು.

"ಹೂಂ ಅತ್ತಿಗೆ. ಅಂಟೋದೇ ಅಂತೆ. ನೀವು ಹೇಳಿದ್ದೇ ಸರಿ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಚಿಕಿತ್ಸೆ ಶುರುವಾಯಿತು. ಕೈ ತೊಳೆದೊಡನೆ ಮಾಯಿಶ್ಚರೈಸರ್, ಮಲಗುವ ಮುಂಚೆ ಮುಲಾಮು, ಪಾರ್ಲರಿನಲ್ಲಿ ಬೇರೆ ಜಾತಿಯ ಗವಸು, ಅದರೊಳಗೆ ಹತ್ತಿಯದು. ಬಣ್ಣ ಕಲೆಸುವ ಕೆಲಸವನ್ನೇ ಬಿಟ್ಟಳು. ಮುಂದಿನ ಫೋಟೋಗಳನ್ನು ಅಣ್ಣನ ಫೋನಿನಲ್ಲಿ ತೆಗೆದು ಕಳಿಸಿದಳು. ಬಿರುಕು ಕೂಡಿಕೊಂಡವು, ಕೆಂಪು ಇಳಿಯಿತು. ಇದು ಮತ್ತೆ ಮರುಕಳಿಸಬಹುದು, ಹುಷಾರಾಗಿರಿ ಎಂದರು ಡಾಕ್ಟರು.

ಮನೆಯಲ್ಲಿ ಮಾತ್ರ ಅವಳ ಟವೆಲ್ಲು, ಅವಳ ಲೋಟ ಬೇರೆಯಾಗಿಯೇ ಉಳಿದವು. ತಾನೇ ಹೇಳಿದ ಸುಳ್ಳಿಗೆ ತಾನೇ ತಲೆಬಾಗಿ, ಒಂದು ದಿನವೂ ಬಾಯಿ ಬಿಡಲಿಲ್ಲ.

ಪೂರ್ತಿ ವಾಸಿಯಾದ ಮೇಲೆ ಬಂದ ರಜೆಯ ದಿನ ಅತ್ತಿಗೆ ಹಿಂದಿನ ಕೋಣೆಗೆ ಬಂದು, ಅಮ್ಮನ ಜಾಗದಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೂತಳು.

"ಈಗ ವಾಸಿಯಾಯ್ತಲ್ಲ. ನನಗಾದ್ರೂ ಬಾಚು ಬಾರೇ."

ಅಕ್ಕ ತುರುಬಿನಿಂದ ಬಾಚಣಿಗೆ ತೆಗೆದಳು. ಬರಿಗೈ ಅತ್ತಿಗೆಯ ತಲೆಯ ಮೇಲೆ ಇಟ್ಟಳು. ಬೆಚ್ಚಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ಹೇಳಿದಳು. "ನಿನ್ನಂಥ ಮಗಳು ಯಾರಿಗೂ ಸಿಗಲ್ಲ ಕಣೇ. ಅಷ್ಟು ಕರೆದ್ರೂ ಮುಟ್ಟಲಿಲ್ಲ ನೋಡು, ಗಟ್ಟಿ ಮನಸ್ಸು ಮಾಡಿದೆ. ಅದಕ್ಕೇ ಅತ್ತೆಗೆ ಏನೂ ಅಂಟಲಿಲ್ಲ."

"ಹೌದು ಅತ್ತಿಗೆ" ಎಂದಳು ಅಕ್ಕ.

ಆ ಕೋಣೆಯಲ್ಲಿ ಕನ್ನಡಿ ಇರಲಿಲ್ಲ, ಪುಣ್ಯ. ಅತ್ತಿಗೆಯ ಕೂದಲಿನಲ್ಲಿ ತೊಡಕೇನೂ ಇರಲಿಲ್ಲ. ಆದರೂ ಅವಳು ಬಾಚುತ್ತಲೇ ಇದ್ದಳು.